ಲುಂಗಿ ಉಟ್ಟ ಖಳನಾಯಕ

ಡೊಂಬಿವಲಿಯಲ್ಲಿ ನಾನಿದ್ದ ಬಿಲ್ಡಿಂಗಿಗೂ ಎದುರಿನದಕ್ಕೂ ನಡುವೆ ಒಂದು ರಿಕ್ಷಾ ಹೋಗುವಷ್ಟೇ ಜಾಗ. ಮೂರನೆಯ ಮಹಡಿಯಲ್ಲಿ ಒಬ್ಬನೇ ಇದ್ದೆ. ವಯಸ್ಸು ನಲವತ್ತೆರಡು, ಮದುವೆ ಆಗಿರಲಿಲ್ಲ; ಏಕೆ ಎಂದು ಕೇಳಿದವರಿಗೆ ಬೈದು ಕಳಿಸುತ್ತಿದ್ದೆ. ಎದುರು ಗ್ಯಾಲರಿಯ ಅಜ್ಜಿಗೆ ಮಾತ್ರ ಬೈಯಲು ಆಗುತ್ತಿರಲಿಲ್ಲ. ಉಡುಪಿ ಕಡೆಯವರು. ಮಂಡಿನೋವು, ಕೆಳಗಿಳಿಯುವಂತಿಲ್ಲ. ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವರು. ಸಂಜೆ ನಾನು ಆಫೀಸಿನಿಂದ ಬಂದು ಗ್ಯಾಲರಿಗೆ ಕಾಲಿಟ್ಟರೆ ಸಾಕು, "ಇವತ್ತು ಎಂತ ಪದಾರ್ಥ ಮಾರಾಯಾ? ಪುನಃ ಆ ಬಟಾಟೆಯಾ?" ಎಂದು ಶುರು. ದಿನಕ್ಕೆ ನಾನು ಆಡುತ್ತಿದ್ದ ಕನ್ನಡ ಅಷ್ಟೇ. ಅವರದೂ ಅಷ್ಟೇ.

ಆ ವರ್ಷ ಗಣಪತಿ ಹಬ್ಬಕ್ಕೆ ಸೊಸೈಟಿಯ ಹುಡುಗರು ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ಸಿನಿಮಾ ಹಾಕಿದರು. ಎದುರು ಮನೆಯ ಹೆಂಗಸನ್ನು ಕಿಟಕಿಯಿಂದ ಕದ್ದು ನೋಡುವ ಒಬ್ಬಂಟಿಯ ಕಥೆ. ಆ ದರಿದ್ರದವನಿಗೆ ಲುಂಗಿ, ಎಣ್ಣೆ ಮೆತ್ತಿದ ತಲೆ, ಹಿಂದಿಯಲ್ಲಿ ನಮ್ಮ ಕಡೆಯ ರಾಗ! ಇಡೀ ಸಿನಿಮಾದಲ್ಲಿ ದಕ್ಷಿಣದವನು ಅವನೊಬ್ಬನೇ. ಆ ಹೆಂಗಸಿಗಂತೂ ನಾಲ್ಕು ಮಾತಿಲ್ಲ, ಸೀರೆ ಬದಲಾಯಿಸುವುದೇ ಕೆಲಸ. ನಿಜ ಹೇಳಬೇಕೆಂದರೆ ಅವನಿಗಿಂತ ಹೆಚ್ಚು ಇಣುಕಿದ್ದು ಕ್ಯಾಮೆರಾ. ಅದರ ಹಿಂದೆ ಕುರ್ಚಿ ಹಾಕಿಕೊಂಡು ನಾವೆಲ್ಲ. ಕಣ್ಣು ತುಂಬ ನೋಡಿ ಆಮೇಲೆ ಅವನಿಗೆ ಛೀ ಥೂ ಎಂದೆವು.

"ತೀಸ್ರೇ ಮಾಲೇವಾಲೇ ಅಂಕಲ್!" ಎಂದು, ಸಿನಿಮಾದವನು ಮೂರನೆಯ ಮಹಡಿಯ ನಾನೇ ಎನ್ನುವಂತೆ, ಯಾವುದೋ ಪುಟ್ಟ ಹುಡುಗಿ ನನ್ನತ್ತ ಬೆರಳು ತೋರಿಸಿ ಕೂಗಿದಳು. ಎಲ್ಲರೂ ತಿರುಗಿ ನಕ್ಕರು. ನಾನೂ ನಕ್ಕೆ.

ಮರುದಿನ ನಾನು ಗ್ಯಾಲರಿಗೆ ಬಂದದ್ದೇ ತಡ, ಎದುರಿನ ಎರಡು ಮನೆಯವರು ಕಿಟಕಿ ಮುಚ್ಚಿಕೊಂಡರು. ಸೆಕ್ರೆಟರಿ ಮೆಟ್ಟಿಲಲ್ಲಿ ಸಿಕ್ಕಿ, "ಬುರಾ ಮತ್ ಮಾನೋ, ಜರಾ ಪರದಾ ಲಗಾ ಲೋ" ಎಂದರು. ಹಾಳಾಗಿ ಹೋಗಲಿ ಎಂದು ದಪ್ಪನೆಯ ಪರದೆ ತಂದು ಹಾಕಿದೆ. ಅಜ್ಜಿಗೆ ಸಿನಿಮಾದ ಸುದ್ದಿಯೇ ಗೊತ್ತಿರಲಿಲ್ಲ. ನಾನು ಹೇಳುವುದಾದರೂ ಹೇಗೆ?

ಸಂಜೆ ಅವರು ಕರೆದರು. "ಎಲ್ಲಿ ಹೋದೆ ಮಾರಾಯಾ?" ನಾನು ಪರದೆ ಸರಿಸಲಿಲ್ಲ. ಆದರೆ ಅವರನ್ನು ನೋಡದೆ ಇರಲೂ ಆಗಲಿಲ್ಲ, ಪರದೆಯ ಸಂದಿಗೆ ಕಣ್ಣಿಟ್ಟೆ. ಅಯ್ಯೋ, ಅಷ್ಟು ವರ್ಷ ಎದುರುಬದುರು ನಿಂತು ಮಾತಾಡಿದವನು ಆ ಸಂಜೆಯಿಂದ ಕದ್ದು ನೋಡುವವನೇ ಆಗಿಬಿಟ್ಟೆ.

ನಾಲ್ಕನೆಯ ದಿನ ಅಜ್ಜಿ ಪರದೆಗೇ ಹೇಳತೊಡಗಿದರು. "ಇವತ್ತು ಬಸಳೆ ಮಾಡಿದ್ದು. ಉಪ್ಪು ಚೂರು ಹೆಚ್ಚಾಯ್ತು." ಪರದೆಯತ್ತ ಕತ್ತು ಚಾಚಿದರು. "ಹುಷಾರಿಲ್ವಾ ನಿಂಗೆ?"

ಪರದೆಯ ಅಂಚು ನನ್ನ ಕೈಯಲ್ಲೇ ಇತ್ತು. ಈಗ ಸರಿಸಿದರೆ, ಇಷ್ಟು ದಿನ ಇಲ್ಲೇ ನಿಂತು ಇಣುಕುತ್ತಿದ್ದೆನೆಂದು ಅವರಿಗೆ ಗೊತ್ತಾಗಿಬಿಡುತ್ತದೆ ಎನ್ನಿಸಿತು.

ಅಷ್ಟರಲ್ಲಿ ಮೊಮ್ಮಗಳು ಹೊರಗೆ ಬಂದಳು. "ಅಜ್ಜಿ, ಕಿಸ್‌ಸೆ ಬಾತ್ ಕರ್ ರಹೀ ಹೈ?"

"ಯಾರೂ ಇಲ್ಲ ಮಗಾ" ಎಂದು ಅಜ್ಜಿ ಅವಳ ಕೈ ಹಿಡಿದು ಎದ್ದರು.

ಮುಂದಿನ ತಿಂಗಳು ಅವರನ್ನು ಕೋಪರಖೈರಣೆಯ ಕಿರಿಮಗನ ಮನೆಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೂ ದಿನಾ ಸಂಜೆ ನಾನು ಪರದೆಯ ಹಿಂದೆ ನಿಲ್ಲುತ್ತಿದ್ದೆ. ಅಜ್ಜಿ ಮತ್ತೆ ಕರೆಯಲಿಲ್ಲ.