ಎರಡು ಹೆಜ್ಜೆ ಮುಂದೆ

ಶಂಕ್ರೆಪ್ಪನಿಗೆ ಈಗೀಗ ಬೆಳಗಾದರೆ ಕೆಲಸಕ್ಕೆ ಹೋಗಲು ಭಯ. ಬಾಗಲಕೋಟೆ ಕಡೆಯಿಂದ ಮುಂಬೈಗೆ ಬಂದು ಆಂಟಾಪ್ ಹಿಲ್‌ನಲ್ಲಿ ಮನೆ ಮಾಡಿದ ಈ ಮನುಷ್ಯ ಹನ್ನೆರಡು ವರ್ಷದಿಂದ ಚೆಂಬೂರಿನ ನಮ್ಮ ಕ್ರಿಕೆಟ್ ಅಕಾಡೆಮಿಯಲ್ಲಿ ಚೆಂಡು ಒಗೆಯುತ್ತಾನೆ. ಬೌಲರ್ ಅಲ್ಲ. ತುದಿಯಲ್ಲಿ ಬಟ್ಟಲಿನಂಥದ್ದಿರುವ ಉದ್ದನೆಯ ಕೋಲಿಗೆ ಚೆಂಡು ಸಿಕ್ಕಿಸಿ, ನೆಟ್‌ನಲ್ಲಿ ನಿಂತ ಬ್ಯಾಟರ್‌ಗೆ ದಿನಕ್ಕೆ ಮುನ್ನೂರು ಸಲ ಬೀಸಿ ಒಗೆಯುವವ. ನಾನು ಅಲ್ಲೇ ಸ್ಕೋರ್ ಬರೆಯುವವ. ಅವನ ಗಾಬರಿಯನ್ನು ಮೊದಲು ಕಂಡವನೂ ನಾನೇ.

ಹಿಂದೆ ಇದು ನೆಮ್ಮದಿಯ ಕೆಲಸ. ಮೊದಲು ತಡಿ, ಕಣ್ಣು ಹೊಂದಿಕೊಳ್ಳಲಿ, ಆಮೇಲೆ ಹೊಡಿ ಎಂದೇ ಕೋಚ್‌ಗಳು ಕಲಿಸುತ್ತಿದ್ದರು. ಚೆಂಡು ಬ್ಯಾಟಿಗೆ ತಾಗಿ ಉರುಳಿ ಬರುತ್ತಿತ್ತು. ಶಂಕ್ರೆಪ್ಪ ಒಗೆದ ಮೇಲೆ ಎರಡು ಹೆಜ್ಜೆ ಮುಂದೆ ಹೋಗಿ, ಬಗ್ಗಿ, ಎತ್ತಿಕೊಳ್ಳುತ್ತಿದ್ದ. ಕಾಲಿಗೆ ಅದೇ ರೂಢಿಯಾಯಿತು.

ಇಪ್ಪತ್ತೆರಡರ ಟಿ-ಟ್ವೆಂಟಿ ವಿಶ್ವಕಪ್ ಸೆಮಿಫೈನಲ್‌ನಲ್ಲಿ ನಮ್ಮ ದೇಶದ ತಂಡ ಎದುರಾಳಿಯ ಒಂದು ವಿಕೆಟ್ಟೂ ಕೀಳಲಾಗದೆ ಸೋತಿತು ನೋಡಿ, ಅಲ್ಲಿಂದ ಆಟದ ಬುದ್ಧಿಯೇ ಬದಲಾಯಿತು. ಮೊದಲ ಚೆಂಡಿನಿಂದಲೇ ಹೊಡೆತ, ಔಟಾದರೆ ಆಗಲಿ. ಇಪ್ಪತ್ನಾಲ್ಕರಲ್ಲಿ ಕಪ್ ಬಂತು, ನಾವೂ ಪೇಡೆ ಹಂಚಿದೆವು. ಆದರೆ ಅದನ್ನು ನೋಡಿ ಕಲಿತ ನಮ್ಮ ಮಕ್ಕಳೆಲ್ಲ ಬಾರಿಸುವುದು ಶಂಕ್ರೆಪ್ಪನ ತಲೆಯ ನೇರಕ್ಕೆ ಎಂಬುದನ್ನು ಯಾವ ಟಿವಿಯವನೂ ಹೇಳಲಿಲ್ಲ.

ಹೆಲ್ಮೆಟ್ ಕೇಳಬಹುದಿತ್ತು. "ಕೇಳಿದ್ರ ಮುದುಕ ಆದ ಅಂತಾರ್ರಿ. ನಾಳೆ ಚೆಂಡು ಒಗಿಯೋ ಮಷಿನ್ ತಂದಿಡ್ತಾರ," ಎನ್ನುತ್ತಿದ್ದ. ಚೆಂಡಿನ ಭಯ ಒಂದು ಕಡೆ, ಕೆಲಸ ಹೋದೀತೆಂಬ ಭಯ ಇನ್ನೊಂದು ಕಡೆ.

ಹೋದ ಮಂಗಳವಾರ ಪ್ರಣೀತಾ ನೆಟ್‌ಗೆ ಬಂದಳು. ಹೋಟೆಲ್ ನಡೆಸುವ ಉಡುಪಿಯವರ ಮಗಳು, ವಯಸ್ಸು ಹದಿನೇಳು. ಹತ್ತು ವರ್ಷದವಳಿದ್ದಾಗಿನಿಂದ ಇವನ ಚೆಂಡು ಆಡಿಯೇ ಬೆಳೆದವಳು. ಭಾನುವಾರ ಮುಂಬೈ ಜೂನಿಯರ್ ತಂಡಕ್ಕೆ ಹುಡುಗಿಯರ ಆಯ್ಕೆ. ಶಂಕ್ರೆಪ್ಪ ಮೂರನೆಯ ಚೆಂಡು ಒಗೆದು, ರೂಢಿಯಂತೆ ಎರಡು ಹೆಜ್ಜೆ ಮುಂದೆ ಹೋದ. ಅವಳು ನೇರ ಬಾರಿಸಿದಳು. ಚೆಂಡು ಅವನ ಕಿವಿ ಸವರಿಕೊಂಡು ಹೋಗಿ ಹಿಂದಿನ ಕಬ್ಬಿಣದ ಗೇಟಿಗೆ ಬಡಿಯಿತು. ಅವನು ಅಲ್ಲೇ ಕುಸಿದು ಕೂತ.

ಮರುದಿನದಿಂದ ಹುಡುಗಿ ನೇರ ಚೆಂಡನ್ನೆಲ್ಲ ಬರೀ ತಡೆಯತೊಡಗಿದಳು. ಹೀಗೆ ಕುಟ್ಟುತ್ತಾ ನಿಂತರೆ ಭಾನುವಾರ ನಿನ್ನನ್ನು ಯಾರೂ ಆರಿಸುವುದಿಲ್ಲ ಎಂದು ಕೋಚ್ ಬಾಯಿ ಬಡಿದುಕೊಂಡರು. ಅವಳು ಮುಂದಿನ ಚೆಂಡನ್ನೂ ತಡೆದಳು. ಚೆಂಡು ಹಳೆಯ ದಿನಗಳ ಹಾಗೆ ಉರುಳಿಕೊಂಡು ಶಂಕ್ರೆಪ್ಪನ ಕಾಲ ಬಳಿ ಬಂದು ನಿಂತಿತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ.

"ನನ್ನ ಹೆದರಿಕಿ ಆಕಿಗೆ ಹತ್ತೇತ್ರಿ. ಆಕಿ ಆಟ ನಾ ಕೆಡಿಸಿದೆ," ಎಂದು ನನ್ನ ಹತ್ತಿರ ಬಂದು ಹೇಳಿದ. ಮಂಗಳವಾರವೂ ಅವನು ಅಷ್ಟು ಹೆದರಿರಲಿಲ್ಲ.

ಶುಕ್ರವಾರ ಎಲ್ಲರ ಎದುರೇ ಹೋಗಿ ಕೋಚ್ ಬಳಿ ಹೆಲ್ಮೆಟ್ ಕೇಳಿದ. ಹುಡುಗರು ಹಲ್ಲು ಕಿರಿದರು. ಕೋಚ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಡರ್ ಲಗ್ತಾ ಹೈ ಕ್ಯಾ?" ಎಂದರು.

"ಹೌದ್ರಿ ಸರ್. ಹೆದರಿಕಿ ಲಗ್ತಾ ಹೈ," ಎಂದ ಶಂಕ್ರೆಪ್ಪ.

ಸಿಕ್ಕಿದ ಹೆಲ್ಮೆಟ್ ಚಿಕ್ಕದು, ಕಿವಿ ಹಿಚುಕುತ್ತಿತ್ತು. ಹಾಕಿಕೊಂಡು ನಿಂತ.

"ಪ್ರಣೀತಾ, ಈಗ ಹೊಡಿ."

"ಕಾಕಾ, ಬಾಲ್ ನಿಮ್ಗೆ ತಾಗಿದ್ರೆ?"

"ಮಾರಿ ಮುಂದ ಜಾಳಿಗಿ ಐತಿ. ಹೊಡಿ ಯವ್ವಾ."

ಮೊದಲೆರಡನ್ನು ತಡೆದಳು. ಮೂರನೆಯದಕ್ಕೆ ಬ್ಯಾಟ್ ಬೀಸಿದಳು. ಶಂಕ್ರೆಪ್ಪನ ಹಾಳು ಕಾಲು, ಮತ್ತೆ ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿತ್ತು! ಚೆಂಡು ಟಣ್ಣನೆ ಅವನ ಮುಖದ ಜಾಳಿಗೆಗೆ ಬಡಿಯಿತು. ಪ್ರಣೀತಾ ಬ್ಯಾಟ್ ಬಿಸಾಡಿ, ಕಿರುಚುತ್ತ ಓಡಿ ಬಂದಳು.

ಅವನು ಕೈ ಅಡ್ಡ ಹಿಡಿದ.

"ಬರಬ್ಯಾಡ. ಹೋಗಿ ನಿಂದ್ರು."

ಅವಳು ಹೋಗಿ ನಿಂತಳು. ಅವನು ಹಿಂದೆ ಸರಿದು ಇನ್ನೊಂದು ಚೆಂಡನ್ನು ಕೋಲಿಗೆ ಸಿಕ್ಕಿಸಿದ. ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಕೂತಿತು.

"ನೇರ ಬರತೈತಿ," ಎಂದ. "ನೇರ ಹೊಡಿ."