ಹೂವಿನ ಚೌಕಟ್ಟಿನಲ್ಲಿ ಬೋರೇಗೌಡರು

ಎರಡು ವರ್ಷದ ಹಿಂದಿನ ಮಾತು. ಅವತ್ತು ಬೆಳಿಗ್ಗೆಯೂ ಇಡ್ಲಿ ಬೇಯಲು ಇಟ್ಟು, ಯಜಮಾನರ ಡಬ್ಬಿಗೆ ಚಟ್ನಿ ಬೇರೆಯಾಗಿ ಹಾಕಿ, ರಂಗೋಲಿಯ ಮೇಲೆ ಹಾಲಿನವರ ಸೈಕಲ್ ಹಾದುಹೋದ ಗುರುತು ನೋಡಿಕೊಂಡು ಫೋನ್ ತೆರೆದೆ. ಶ್ರೀರಂಗಪಟ್ಟಣದ ನಮ್ಮ ಅಡುಗೆಕಟ್ಟೆಯೇ ಆಗ ನನ್ನ ಆಫೀಸು. ಸುತ್ತಲಿನ ಲೇಖಕರ ಪುಸ್ತಕಗಳನ್ನು ಫೇಸ್‌ಬುಕ್, ವಾಟ್ಸಾಪ್ ಮೂಲಕ ಜನರಿಗೆ ಮುಟ್ಟಿಸುವುದು ಕೆಲಸ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಕೊನೆಗೆ ಉಪಯೋಗಕ್ಕೆ ಬಂದದ್ದು ಫೋನಿನ ಸೆಟ್ಟಿಂಗ್ಸ್ ಓದಲು.

ಆಗ ಕೈಯಲ್ಲಿದ್ದದ್ದು ಅರಕೆರೆಯ ಬೋರೇಗೌಡರ ಪುಸ್ತಕ. ಹರೆಯದಲ್ಲಿ ಗರಡಿಯಲ್ಲಿ ಕುಸ್ತಿ ಆಡಿದ ಕಥೆ. ಭಾನುವಾರ ಬಿಡುಗಡೆ. "ಊರೆಲ್ಲಾ ಓದ್ಲಿ ಅಂತಲ್ಲ ಕಣವ್ವ, ಪಾಂಡವಪುರದ ಪುಟ್ಟಸ್ವಾಮಿ ಒಬ್ಬ ಓದುದ್ರೆ ಸಾಕು" ಎಂದಿದ್ದರು. ಇಬ್ಬರೂ ಒಂದೇ ಗರಡಿಯ ಗೆಳೆಯರು. ಹಾಲಿನ ಡೈರಿ ಚುನಾವಣೆಯಲ್ಲಿ ಮುನಿಸಿಕೊಂಡ ಮೇಲೆ ಪುಟ್ಟಸ್ವಾಮಿಯವರು ಗೌಡರ ಮನೆ ಮೆಟ್ಟಿಲು ಹತ್ತಿರಲಿಲ್ಲ. ಬಿಡುಗಡೆಯ ಆಹ್ವಾನಪತ್ರಿಕೆಯನ್ನೂ ವಾಪಸ್ ಕಳಿಸಿದ್ದರು.

"ಮುಖ ಕಾಣಿಸಿದರೆ ರೀಚ್, ಅಂದರೆ ಪೋಸ್ಟ್ ತಲುಪುವ ಜನರ ಸಂಖ್ಯೆ, ಹೆಚ್ಚಾಗುತ್ತೆ. ದಿನಾ ಒಂದು ಫೋಟೊ ಹಾಕಿ" ಎಂದು ನಾನು ಹೇಳಿಕೊಟ್ಟಿದ್ದೆ. ಅವತ್ತು ನಸುಕಿನಲ್ಲೇ ಗೌಡರು ಯಾವುದೋ ಆ್ಯಪಿನಲ್ಲಿ ಲಕ್ಷಣವಾದ ಚೌಕಟ್ಟು ಹುಡುಕಿ ಹಾಕಿಬಿಟ್ಟಿದ್ದರು. ಸುತ್ತ ಬಿಳಿ ಹೂವು, ಎರಡು ಕಡೆ ದೀಪ, ನಡುವೆ ತಾವು. ಕೆಳಗೆ 'ಭಾನುವಾರ ಎಲ್ಲರೂ ಬನ್ನಿ'. ಪುಸ್ತಕದ ಮುಖಪುಟ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಕಾಮೆಂಟುಗಳಲ್ಲಿ ಉದ್ದಕ್ಕೂ 'ಓಂ ಶಾಂತಿ'.

ಫೋನ್ ಮಾಡಿದೆ. "ಎಷ್ಟೊಂದ್ ಜನ ಕೈ ಮುಗ್ದವ್ರೆ ನೋಡವ್ವ" ಎಂದರು ಖುಷಿಯಾಗಿ. ವಿಷಯ ಬಿಡಿಸಿ ಹೇಳಿ, ಅಳಿಸಿ ಅಂದರೆ ಅವರಿಗೆ ಅಳಿಸಲು ಬರದು. ಒಲೆ ಆರಿಸಿ ಅರಕೆರೆ ಬಸ್ಸು ಹತ್ತಿದೆ.

ಮನೆ ಮುಂದೆ ಆಟೊ ನಿಂತಿತ್ತು. ತೋಳು ದಪ್ಪದ ಸೇವಂತಿಗೆ ಹಾರ ಹಿಡಿದು ಹಿರಿಯರೊಬ್ಬರು ಅಂಗಳದಲ್ಲಿ. ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಗೌಡರು. ಬಂದವರು ಪುಟ್ಟಸ್ವಾಮಿ ಎಂದು ಯಾರೂ ಹೇಳಬೇಕಿರಲಿಲ್ಲ, ಗೌಡರ ಹಾಗೇ ಕುಸ್ತಿಯಲ್ಲಿ ಮುದುರಿದ ಕಿವಿ.

"ಬದ್ಕಿದ್ದೀಯೇನ್ಲಾ?" ಅಂದರು ಪುಟ್ಟಸ್ವಾಮಿ.

"ಬದ್ಕಿದ್ದಾಗ ಕರುದ್ರೆ ನೀ ಎಲ್ಲಿ ಬಂದೆ?"

"ದಾರಿ ಉದ್ದಕ್ಕೂ ಅತ್ಕಂಡ್ ಬಂದಿವ್ನಿ ಕಣ್ಲಾ. ಕನ್ನಡಕಾನೂ ಮರ್ತ್ ಬುಟ್ಟು."

ಗೌಡರು ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಪುಸ್ತಕ ತಂದು ನನ್ನ ಕೈಗೆ ಕೊಟ್ಟರು. ಅವರಿಬ್ಬರೂ ಅಖಾಡಕ್ಕಿಳಿದ ದಿನದ ಅಧ್ಯಾಯ ಓದಿದೆ. ನಡುವೆ ಪುಟ್ಟಸ್ವಾಮಿಯವರು, "ಸುಳ್ಳು ಬರ್ದವ್ನೆ ತಾಯಿ. ಅವತ್ ಗೆದ್ದೋನು ನಾನು" ಎಂದರು. ಕಣ್ಣೊರೆಸಲು ಟವಲೆಂದು ಅವರು ಎತ್ತಿಕೊಂಡದ್ದು ಹಾರದ ಪ್ಲಾಸ್ಟಿಕ್ ಕವರು. ಗೌಡರು ನೋಡಿದರು, ನಗಲಿಲ್ಲ.

ಬೆಳಗಿನ ಫೋಟೊ ಅಳಿಸಿ, ಇಬ್ಬರ ಒಪ್ಪಿಗೆ ಪಡೆದು, ಗೆದ್ದವರು ಯಾರೆಂಬ ಆ ಜಗಳವನ್ನೇ ವಿಡಿಯೊ ಮಾಡಿ ಹಾಕಿದೆ. ಮಧ್ಯಾಹ್ನದೊಳಗೆ 'ಓಂ ಶಾಂತಿ' ಬರೆದವರೇ ಪುಸ್ತಕ ಎಲ್ಲಿ ಸಿಗುತ್ತದೆಂದು ಕೇಳತೊಡಗಿದರು. ದಿನವಿಡೀ ರೀಚ್ ಅಂತ ಅಂಕಿ ನೋಡುತ್ತಿದ್ದ ನಾನು, ಈಗ ಹೊಸ ಲೇಖಕರು ಯಾರೇ ಬಂದರೂ ಮೊದಲು ಕೇಳುವುದು ಬೇರೆ: ಇದನ್ನ ಯಾರು ಓದಲಿ ಅಂತ ಬರೆದ್ರಿ?

ಅವತ್ತು ಸಂಜೆ ಸೊಪ್ಪು ಬಿಡಿಸುತ್ತಾ ಪಕ್ಕದ ಮನೆ ಜಯಮ್ಮನಿಗೆ ಇದನ್ನೆಲ್ಲ ಹೇಳಿದೆ. ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದವರು, ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ ಅಂದರು: "ನಮ್ ಯಜಮಾನ್ರುದೂ ಅಂತಾದೇ ಒಂದ್ ಫೋಟೊ ಮಾಡ್ಕೊಡಿ ಕಣಕ್ಕ. ಮುನುಸ್ಕಂಡ್ ಹೋಗಿರೊ ಅವ್ರ ತಮ್ಮ ಬತ್ತಾನೇನೊ ನೋಡವ."