ಜಾಲಿ ಮುಳ್ಳಿನ ಹೊದಿಕೆ

ಬಳ್ಳಾರಿಯಿಂದ ಕೊಳಗಲ್ಲಿಗೆ ಹೋಗುವ ದಾರಿಯ ಮಗ್ಗುಲಲ್ಲಿ, ಹೂಳುವ ಸುಡುಗಾಡಿನಲ್ಲಿ ಹುಲುಗಮ್ಮ ಇಪ್ಪತ್ತೆರಡು ವರ್ಷ ಬಾಳಿದಳು. ಸಂತೆಗೆ ಹೋದರೆ ಹೆಂಗಸರು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಅದೇ ಹೆಂಗಸರ ಮನೆಯಲ್ಲಿ ಹೆಣ ಬಿತ್ತೋ, ಯವ್ವಾ ಹುಲುಗಮ್ಮ, ಮುಳ್ಳು ತಂದಿಡವ್ವ ಅಂತ ಹೇಳಿ ಕಳಿಸುವರು. ಎಂಥ ಜನ ನೋಡ್ರಿ.

ಮುಳ್ಳು ತರುವುದೇ ಆಕೆಯ ಕೆಲಸ. ಆ ಸೀಮೆಯಲ್ಲಿ ಕಿರುಬಗಳ ಕಾಟ. ಹಸಿ ಗುಣಿ ಕಂಡರೆ ಕೆದರದೆ ಬಿಡುವ ಜಾತಿಯಲ್ಲ ಅದು. ಹೂತ ಮೇಲೆ ಮಣ್ಣಿನ ಮೇಲೆ ಜಾಲಿಯ ಕೊಂಬೆಗಳನ್ನು ಒತ್ತಾಗಿ ಹೊದಿಸಿ ಕಲ್ಲು ಹೇರಬೇಕು. ಒಂದು ತಿಂಗಳು ಕಾದರೆ ಸಾಕು, ಆಮೇಲೆ ಯಾವ ಭಯವೂ ಇಲ್ಲ.

ಈ ಕೆಲಸ ಆಕೆ ಬೇಡಿ ಪಡೆದದ್ದಲ್ಲ. ಈಶ್ವರ ಸಂವತ್ಸರದ ಬರದಲ್ಲಿ, ದುಡಿಯಾಕ ಹೋಗತೀನಿ ಅಂತ ಹೊಳೆ ದಾಟಿದ ಗಂಡ ತಿರುಗಿ ಬರಲಿಲ್ಲ. ನಾಲ್ಕು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕರೂರಿನಿಂದ ಬಳ್ಳಾರಿಯ ಗಂಜಿ ಕ್ಯಾಂಪಿಗೆ ನಡೆದು ಬಂದಳು. ಗಂಜಿ ಸಿಕ್ಕಿತು, ಮಗಳು ಉಳಿಯಲಿಲ್ಲ. ಸುಡುಗಾಡು ಕಾಯುವ ಮಲ್ಲಯ್ಯ ಅನ್ನುವ ಮುದುಕ ಗುಣಿ ತೋಡಿ ಹೂತ. ಅವತ್ತು ಹೂತದ್ದು ಒಂದಲ್ಲ ಎರಡಲ್ಲ, ಮುಳ್ಳು ಯಾರಿಗೂ ಸಾಲಲಿಲ್ಲ. ಹುಲುಗಮ್ಮ ಮಗಳ ಗುಣಿಯ ಪಕ್ಕ ಕಲ್ಲು ಹಿಡಿದು ಕೂತುಬಿಟ್ಟಳು. ಮೂರನೆಯ ದಿನ ಮಲ್ಲಯ್ಯ ತಲೆಯ ಮೇಲೆ ಮುಳ್ಳಿನ ಹೊರೆ ಹೊತ್ತು ಬಂದ, ತಾನೇ ಹೊದಿಸಿದ.

"ಇನ್ನ ಏಳವ್ವ," ಅಂದ. "ಇದನ್ನ ದಾಟಿ ಏನೂ ಬರಂಗಿಲ್ಲ."

ಎದ್ದಳು. ಎದ್ದು ಹೋಗುವುದೆಲ್ಲಿಗೆ? ಅಲ್ಲೇ ಉಳಿದಳು. ಮಲ್ಲಯ್ಯ ತನ್ನ ಗುಡಿಸಲಿನ ಪಕ್ಕ ಇನ್ನೊಂದು ಗುಡಿಸಲು ಹಾಕಿಕೊಟ್ಟ, ಕೈಗೆ ಗಾಯವಾಗದಂತೆ ಮುಳ್ಳು ಕಡಿಯುವುದನ್ನು ಕಲಿಸಿದ. ಊರಿನ ಬಾಯಿ ಸುಮ್ಮನಿರಲಿಲ್ಲ ಅನ್ನಿ. ಐದು ವರ್ಷಕ್ಕೆ ಅವನೂ ತೀರಿಕೊಂಡ. ಅವನ ಮೇಲೆ ಮುಳ್ಳು ಹೊದಿಸಿದವಳು ಈಕೆಯೇ.

ಆ ಕೊಂಬೆಗಳಲ್ಲಿ ಕಾಯಿ ಇರುತ್ತವಲ್ಲ, ಬೀಜ ಉದುರಿ, ಮಳೆ ಬಿದ್ದಾಗ ಗುಣಿಗಳ ಮೇಲೆ ಜಾಲಿ ಸಸಿ ಏಳುತ್ತಿದ್ದವು. ಎಡೆ ಇಡಲು ಬಂದ ಬಳಗದವರು ಕಿತ್ತೆಸೆಯುತ್ತಿದ್ದರು. ಮಗಳ ಮೇಲೆ ಎದ್ದದ್ದನ್ನು ಹುಲುಗಮ್ಮ ಕೀಳಲಿಲ್ಲ. ಅದು ಬೆಳೆದು ದೊಡ್ಡ ಗಿಡವಾಯಿತು. ಮಗಳು ಮಲಗಿದ್ದೆಲ್ಲಿ ಅನ್ನುವುದಕ್ಕೆ ಇದ್ದ ಗುರುತು ಅದೊಂದೇ. ಕಲ್ಲು ನೆಡಿಸುವ ತಾಕತ್ತು ಆಕೆಗೆ ಎಲ್ಲಿತ್ತು?

ದನ ಮೇಯಿಸಲು ಯಾರೂ ಕಾಲಿಡದ ಜಾಗ ಅದು. ಹಾಗಾಗಿ ಊರಸುತ್ತ ಬೋಳಾದರೂ ಅಲ್ಲಿ ತುಂಬೆ, ಉತ್ತರಾಣಿ, ತಂಗಡಿ ಮೊಣಕಾಲುದ್ದ ಬೆಳೆಯುತ್ತಿದ್ದವು. ಮುಂಗುಸಿ, ಉಡ, ಗೌಜಲಹಕ್ಕಿ, ಎಲ್ಲ ತಮ್ಮ ತಮ್ಮ ಪಾಡಿಗೆ. ಮಳೆಗಾಲ ಬಂತೆಂದರೆ ಗೀಜಗಗಳು ಮಗಳ ಗಿಡಕ್ಕೇ ಬಂದು ಗೂಡು ತೂಗುಹಾಕಿ ದಿನವಿಡೀ ಗಲಾಟೆ. ಹುಲುಗಮ್ಮ ಕೆಳಗೆ ಕೂತು ರೊಟ್ಟಿ ತಿನ್ನುತ್ತ, ಸಾಕು ಸುಮ್ಮನಿರ್ರಲೇ ಅಂತ ಬಯ್ಯುತ್ತಿದ್ದಳು. ದಿನಕ್ಕೆ ಆಕೆ ಬಾಯಿಬಿಟ್ಟು ಆಡುತ್ತಿದ್ದ ಮಾತು ಅಷ್ಟೇ. ಮಗಳ ಹೆಸರನ್ನಂತೂ ಹೂತ ದಿನದಿಂದ ಎತ್ತಿರಲಿಲ್ಲ. ಕೇಳುವವರು ಬೇಕಲ್ಲ? ಒಬ್ಬರೂ ಕೇಳಲಿಲ್ಲ.

ಮುಳ್ಳಿಗೆ ಮಾತ್ರ ಆ ಗಿಡ ಮುಟ್ಟುತ್ತಿರಲಿಲ್ಲ. ಎರಡು ಹರದಾರಿ ನಡೆದು ಹಳ್ಳದ ದಂಡೆಯಿಂದ ಹೊತ್ತು ತರುತ್ತಿದ್ದಳು.

ವಿಳಂಬಿ ಸಂವತ್ಸರದಲ್ಲಿ ಗಡ್ಡೆಬ್ಯಾನಿ, ಅದೇ ಪ್ಲೇಗು, ಬಂತು. ಇಲಿ ಬಿದ್ದವು, ಹಿಂದೆಯೇ ಮನುಷ್ಯರು. ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿದರು. ಬೇಲಿಗೆ, ಒಲೆಗೆ ಅಂತ ಸುತ್ತಲಿನ ಜಾಲಿಯನ್ನೆಲ್ಲ, ಹಳ್ಳದ ದಂಡೆಯದನ್ನೂ ಬಿಡದೆ, ಬುಡಸಮೇತ ಕಡಿದರು. ಸುಡುಗಾಡಿನ ಗಿಡಕ್ಕೆ ಹೆದರಿ ಕೈಹಚ್ಚಲಿಲ್ಲ. ಹೀಗೆ ಎಲ್ಲ ಹೋಗಿ ಆ ಒಂದು ಗಿಡ ನಿಂತಿತು.

ಮಾಘದಲ್ಲಿ ಒಂದು ಸಂಜೆ ಕುರುಗೋಡಿನ ಗಾದಿಲಿಂಗ ಅನ್ನುವ ಕಲ್ಲು ಒಡೆಯುವವನು ಮಗನನ್ನು ಹೆಗಲ ಮೇಲೆ ಹೊತ್ತು ಬಂದ. ಜೊತೆಗೆ ಒಂದು ನರಪಿಳ್ಳೆ ಇಲ್ಲ. ಹೆಂಡತಿ ಹಿಂದಿನ ವಾರವೇ ಹೋಗಿದ್ದಳಂತೆ. ತಾನೇ ತೋಡಿದ, ತಾನೇ ಮಣ್ಣೆಳೆದ. ಆಮೇಲೆ ಮುಳ್ಳು ಕೇಳಿದ. ಇಲ್ಲ ಅಂದಳು. ಅವನು ಗಿಡದ ಕಡೆ ನೋಡಿದ.

"ಅದನ್ನ ಕಡಿಯಂಗಿಲ್ಲ," ಅಂದಳು ಹುಲುಗಮ್ಮ.

ಅವನು ಯಾಕೆ ಅಂತ ಕೇಳಲಿಲ್ಲ. ಒಂದು ಕಲ್ಲು ಆರಿಸಿ ತಂದು ಮಗನ ಪಕ್ಕ ಕೂತ.

"ಹಂಗಾರ ನಾನ ಕುಂತಿರತೀನಿ," ಅಂದ.

ಹುಲುಗಮ್ಮ ಒಳಗೆ ಹೋಗಿ ಒಲೆ ಹಚ್ಚಲು ನೋಡಿದಳು, ಕೈ ಓಡಲಿಲ್ಲ. ಕಲ್ಲು ಹಿಡಿದು ಹಾಗೆ ಕೂರುವುದು ಹೇಗಿರುತ್ತದೆ ಅನ್ನುವುದು ಆಕೆಗಲ್ಲದೆ ಇನ್ಯಾರಿಗೆ ಗೊತ್ತು? ಕೊಡಲಿ ಎತ್ತಿಕೊಂಡು ಹೊರಬಂದಳು. ಗೀಜಗಗಳ ಹಳೆಯ ಗೂಡು ಜೋತಿದ್ದ ಕೊಂಬೆಯನ್ನೇ ಮೊದಲು ಕಡಿದಳು, ಅದರಲ್ಲೇ ಮುಳ್ಳು ಹೆಚ್ಚು. ಹೊದಿಸಿ ಮುಗಿಸಿ, ಇನ್ನ ಏಳಪ್ಪ ಅಂದಳು.

ಒಬ್ಬನಿಗೆ ಕೊಟ್ಟ ಮೇಲೆ ಮುಗಿಯಿತು. ಮರುದಿನ ಬಂದ ಮುದುಕಿಗೆ ಇಲ್ಲ ಅನ್ನುವುದು ಹೇಗೆ? ಅದರ ಮಾರನೆಯ ದಿನ ಬಂದವರಿಗೆ? ಹೋಳಿಹುಣ್ಣಿಮೆ ಹೊತ್ತಿಗೆ ಮೊಣಕಾಲೆತ್ತರದ ಬೊಡ್ಡೆ ಉಳಿದಿತ್ತು, ಬೇಸಿಗೆಯಲ್ಲಿ ಅದೂ ಒಣಗಿತು. ಮಳೆಗಾಲಕ್ಕೆ ಗೀಜಗಗಳು ಬಂದವು, ಎರಡು ದಿನ ಬೊಡ್ಡೆಯ ಮೇಲೆ ಸುತ್ತು ಹಾಕಿ ಎತ್ತಲೋ ಹಾರಿಹೋದವು. ಆ ವರ್ಷ ಬಯ್ಯುವುದಕ್ಕೂ ಆಕೆಗೆ ಯಾರೂ ಇರಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಗಾದಿಲಿಂಗ ತಿರುಗಿ ಬಂದ. ತುಂಬೆ ಬೆಳೆದು ಎಲ್ಲ ಒಂದೇ ಆಗಿತ್ತು, ಮಗನ ಜಾಗ ಯಾವುದು ಅಂತ ಅವನಿಗೆ ತಿಳಿಯಲಿಲ್ಲ. ಬಾವಿಯಿಂದ ನೀರಿನ ಕೊಡ ಹೊತ್ತು ಬರುತ್ತಿದ್ದ ಹುಲುಗಮ್ಮ ಹಾಗೇ ಕರೆದುಕೊಂಡು ಹೋಗಿ ತೋರಿಸಿದಳು. ಗುಣಿಯ ನಡುವೆ ಮೊಳದುದ್ದದ ಜಾಲಿ ಸಸಿ. ಬ್ಯಾನಿಯಲ್ಲಿ ಆಕೆ ಹೊದಿಸಿದ ಗುಣಿಗಳಲ್ಲಿ ಹತ್ತಾರರ ಮೇಲೆ ಅಂಥವೇ ಎದ್ದಿದ್ದವು.

ಇದನ್ನು ಕೀಳಬೇಡಪ್ಪ, ಗುರುತಿಗೆ ಇರಲಿ ಅಂದಳು. ಅವನು ತಲೆಯಾಡಿಸಿ ಸಸಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತಿರುಗಿ ಒಣ ಬೊಡ್ಡೆಯ ಕಡೆ ನೋಡಿದ.

"ಅಲ್ಲಿ ಯಾರದಾರವ್ವ?"

ಇಪ್ಪತ್ತೆರಡು ವರ್ಷದಲ್ಲಿ ಕೇಳಿದವನು ಇವನೊಬ್ಬ. ಹೆಸರು ಎಲ್ಲಿ ಮರೆತೇ ಹೋಗಿದೆಯೋ ಅಂತ ಹುಲುಗಮ್ಮ ಒಂದು ಗಳಿಗೆ ಹೆದರಿದಳು.

"ನನ್ನ ಮಗಳು," ಅಂದಳು. "ಸಾವಂತ್ರಿ."

ಗಾದಿಲಿಂಗ ಆಕೆಯ ಕೈಯಿಂದ ಕೊಡ ಇಸಿದುಕೊಂಡ. ಅರ್ಧ ನೀರು ಮಗನ ಸಸಿಗೆ ಹಾಕಿದ. ಉಳಿದರ್ಧ ಬೊಡ್ಡೆಗೆ ಹಾಕಿದ. ಹುಲುಗಮ್ಮ ಕೊಡ ತುಂಬಿ ತರಲು ಮತ್ತೆ ಬಾವಿಗೆ ಹೋದಳು.